ಮಾವನ ಹೆಸರಿನ ನಮಸ್ಕಾರ

ಹಾ ಮೊಲೆಫಿ ಊರು, ಬೆಟ್ಟದ ಮೇಲಿಂದ

ಅಕ್ಕಾ,

ಚಳಿಗೆ ಕೈ ಮರಗಟ್ಟಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಉಣ್ಣೆ ಕತ್ತರಿಸುವ ಕಾಲ ಬಂತೂಂತ ನನ್ನ ಶಾಲೆಯ ಕೋಣೆಗೆ ಮೂಟೆ ತುಂಬುತ್ತಾರಂತೆ, ಮಕ್ಕಳು ಬಯಲಲ್ಲಿ ಕೂರಬೇಕಂತೆ! ಊರ ಸಭೆಯಲ್ಲಿ ಎದ್ದು ನಿಂತೆ.

"ನಮಸ್ಕಾರ ಇಲ್ಲದೆ ಮಾತೇನಮ್ಮಾ? ಮೊದಲು ಖೋತ್ಸೊ ಅನ್ನು" ಅಂದರು ಮುದುಕರು. ಹೇಗನ್ನಲಿ? ನನ್ನ ಮಾವನ ಹೆಸರೇ ಖೋತ್ಸೊ. ಸೊಸೆ ಆ ಹೆಸರು ಎತ್ತುವ ಹಾಗಿಲ್ಲ.

"ಶಾಲೇಲಿ ಅಷ್ಟು ಕಿರುಚ್ತಾಳೆ, ಇಲ್ಲಿ ಬಾಯೇ ಇಲ್ಲ!" ಅಂತ ಒಬ್ಬ ನಕ್ಕ. ನಾನು ಕೂರಲಿಲ್ಲ.

ಆಗ ಮಾವ ಎದ್ದು, ಹುಲ್ಲಿನ ಟೋಪಿ ತೆಗೆದು, "ಖೋತ್ಸೊ! ನನ್ನ ಹೆಸರು ನಾನೇ ಹೇಳಿದೀನಿ. ಇನ್ನು ನನ್ನ ಸೊಸೆ ಮಾತಾಡ್ತಾಳೆ, ಬಾಯಿ ಮುಚ್ಕೊಂಡು ಕೇಳಿ" ಅಂದರು.

ಮಾತಾಡಿದೆ ನೋಡು! ಊರ ನಾಯಕರು ಇನ್ನೂ ತೀರ್ಮಾನ ಹೇಳಿಲ್ಲ. ಮೂಟೆ ಒಳಗೆ ಬಂದರೆ ಮಕ್ಕಳನ್ನು ಅದರ ಮೇಲೇ ಕೂರಿಸಿ ಪಾಠ ಮಾಡ್ತೀನಿ.

ಕೆಮ್ಮು ವಾಸಿಯಾಗಿದೆ. ಹೊದ್ದ ಕಂಬಳಿ ಜಾರದ ಹಾಗೆ ಚುಚ್ಚಿಕೊಳ್ಳುವ ಪಿನ್ನು ಮುರಿದಿದೆ, ದಪ್ಪದ್ದೊಂದು ಕಳಿಸು.

ಈ ಕಾರ್ಡಲ್ಲಿ ಆ ಹೆಸರು ಎಷ್ಟು ಸಲ ಬರೆದೆ ಅಂತ ಎಣಿಸಬೇಡ. ತಡೆ ಇರೋದು ಬಾಯಿಗೆ, ಪೆನ್ನಿಗಲ್ಲ. ಅಮ್ಮನಿಗೆ ನನ್ನ ಪರವಾಗಿ ನೀನೇ ಗಟ್ಟಿಯಾಗಿ ಹೇಳು: ಖೋತ್ಸೊ!

ನಿನ್ನ ತಂಗಿ,
ಲಿನೆಯೊ