ರೇವಾಳ ಅಂಗೈ

ಮುಕ್ತಾ,

ನೀನು ತೀರಿಹೋದ ಮೇಲೆ ನಮ್ಮ ಗುರುಕುಲಕ್ಕೆ ವಿಜ್ಞಾನವೂ ಬಂದಿದೆ. ಗೋದಾವರಿಯ ಸ್ನಾನ, ಬೆಳಗಿನ ಮಂತ್ರಪಾಠ ಹಾಗೇ ಇವೆ. ಮಧ್ಯಾಹ್ನ ಸಾಠೆ ಬಾಯಿ ಎಂಬ ಶಿಕ್ಷಕಿ ವಿಜ್ಞಾನ ಕಲಿಸುತ್ತಾರೆ. ಈ ಸಲ ರೇವಾ ಎಂಬ ಹುಡುಗಿ ಸೇರಿದ್ದಾಳೆ. ನಿನ್ನ ಹಾಗೆ ಅವಳಿಗೂ ಕಿವಿ ಕೇಳಿಸುವುದಿಲ್ಲ.

ಇವತ್ತು ನಾನು ಪಾಠ ಹೇಳುತ್ತಿದ್ದಾಗ ಸಾಠೆ ಬಾಯಿ ಅವಳನ್ನು ಕರೆತಂದರು. "ಗುರೂಜಿ, ನಾದ ಅಂದ್ರೆ ಕಂಪನ ಅಂತ ನಿನ್ನೆ ತೋರಿಸಿದೀನಿ. ನಿಮ್ಮ ಗಂಟಲು ಸ್ವಲ್ಪ ಕಡ ಕೊಡಿ," ಎಂದರು. ಮಕ್ಕಳೆಲ್ಲ ನಕ್ಕರು.

ರೇವಾ ಒಂದು ಅಂಗೈಯನ್ನು ನನ್ನ ಗಂಟಲ ಮೇಲೆ, ಇನ್ನೊಂದನ್ನು ತನ್ನ ಗಂಟಲ ಮೇಲೆ ಇಟ್ಟಳು. ನಾನು ಓಂ ಎಂದೆ. ಅವಳೂ ಅಂದಳು. ಸ್ವರ ಒರಟಾಗಿತ್ತು, ಆದರೆ ಅದು ಓಂಕಾರವೇ.

ನಾವು ಚಿಕ್ಕವರಿದ್ದಾಗ ನೀನು ಸಾಲಿನ ಕೊನೆಯಲ್ಲಿ ಕೂತು ಬರೀ ತುಟಿ ಆಡಿಸುತ್ತಿದ್ದೆ. "ಕೇಳದವಳಿಗೆ ಎಂಥ ಪಾಠ? ಒಳಗೆ ಹೋಗಿ ಬೇಳೆ ಆರಿಸಲಿ," ಅಂತ ಆಗ ಪಾಠ ಹೇಳುತ್ತಿದ್ದ ನಮ್ಮಪ್ಪ, ಬಾಬಾ, ಎಬ್ಬಿಸಿ ಕಳಿಸುತ್ತಿದ್ದರು. ನಿನ್ನ ಪಕ್ಕದಲ್ಲೇ ಕೂತಿದ್ದ ನಾನು ಮಂತ್ರ ಮುಂದುವರಿಸುತ್ತಿದ್ದೆ.

"ಯಾಕೆ ಗುರೂಜಿ, ನಿಲ್ಲಿಸಿಬಿಟ್ರಿ? ಮುಂದಿನದು ಹೇಳಿ," ಅಂದರು ಸಾಠೆ ಬಾಯಿ. ನನ್ನಿಂದಾಗಲಿಲ್ಲ. ಗಂಟಲು ನಡುಗಿದ್ದು ರೇವಾಳ ಕೈಗೆ ತಿಳಿಯಿತು. ಪಾಪ, ಅದೂ ಪಾಠವೇ ಅಂದುಕೊಂಡು ಅವಳು ತನ್ನ ಗಂಟಲನ್ನೂ ಹಾಗೆಯೇ ನಡುಗಿಸಲು ನೋಡಿದಳು.