ಒಂದೇ ಕೇಳಿಕೆಯ ಊರು

ಒಳನೆಲ ಶಕ ೧೧೨, ಎರಡನೇ ಬೇಸಿಗೆಯ ಮೂವತ್ತನೇ ದಿನ
ಕೆಳಹಟ್ಟಿ

ನಮಗಿಂತ ಆರು ತಲೆಮಾರು ಹಿಂದಿನವರಾದ ನಿಮಗೆ ನಮಸ್ಕಾರ.

ಈ ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ. ವರ್ಷಕ್ಕೆ ಎರಡು ಬೇಸಿಗೆ ಬರತೊಡಗಿದ ಮೇಲೆ ನಮ್ಮವರು ಕಾಲದ ಲೆಕ್ಕವನ್ನು ಹೊಸದಾಗಿ ಶುರುಮಾಡಿದರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರು ಜೀವಮಾನದಲ್ಲಿ ಒಂದೇ ಕಾಗದ ಕಳಿಸಬಹುದು. ಹೆಚ್ಚಿನವರು ಅದನ್ನು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನಾನು ಅದನ್ನು ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ವಿಷಯಕ್ಕೆ ಬಳಸುತ್ತಿದ್ದೇನೆ.

ನಮ್ಮ ಊರು ನೆಲದ ಕೆಳಗಿದೆ. ಒಂದು ಕಾಲಕ್ಕೆ ಚಿನ್ನ ತೆಗೆದ ಸುರಂಗಗಳನ್ನು ಅಗಲ ಮಾಡಿ ಮನೆ, ಸಂತೆ, ಕಾಲೇಜು ಎಲ್ಲ ಕಟ್ಟಿಕೊಂಡಿದ್ದೇವೆ. ಇಲ್ಲಿ ತಂಪು. ಮೇಲೆ, ಬಿಸಿಲಲ್ಲಿ, ಇನ್ನೂ ಕೆಲವರು ಇದ್ದಾರೆ. ಅವರನ್ನು ಮೇಲ್ನೆಲದವರು ಅನ್ನುತ್ತೇವೆ. ನಮಗೆ ವಿದ್ಯುತ್ತು ಕೊಡುವ ಬಿಸಿಲುಹಲಗೆಗಳ ಧೂಳು ಒರೆಸುವುದು ಅವರ ಕೆಲಸ. ಅವರ ಅಂಗೈ ಒಲೆಯ ಕಲ್ಲಿನ ಹಾಗೆ ಒರಟು. ಅವರು ಕೆಳಗಿಳಿದರೆ ಮೆಟ್ಟಿಲ ಬುಡದ ತಂಪುಕಟ್ಟೆಯ ಮೇಲೆ ಅರ್ಧ ಗಂಟೆ ಕೂತು, ಮೈಬಿಸಿ ಇಳಿದ ಮೇಲೆಯೇ ಊರೊಳಗೆ ಬರಬೇಕು. ಮೊದಲು ಇದು ವೈದ್ಯರು ಅವರ ಆರೋಗ್ಯಕ್ಕೆಂದು ಹೇಳಿದ ಮಾತು. ಈಗ ವೈದ್ಯರಿಗೆ ಅದು ಮರೆತಿದೆ, ನಮಗೆ ಮರೆತಿಲ್ಲ. ಚಳಿಯ ದಿನಗಳಲ್ಲೂ ಅವರನ್ನು ಕೂರಿಸುತ್ತೇವೆ.

ಮೇಲ್ನೆಲದವರ ಮಗಳು ಹುಲಿಗೆಮ್ಮ ಚೆಂಡಾಟ ಕಲಿತದ್ದು ಆ ಕಟ್ಟೆಯ ಬಳಿ. ಶಾಲೆಗೆ ಬರುವಾಗ ದಿನಾ ಅರ್ಧ ಗಂಟೆ ಕೂರಬೇಕಾದ ಹುಡುಗಿ ಇನ್ನೇನು ಮಾಡಿಯಾಳು? ಅಲ್ಲಿ ಚಾವಣಿ ತಗ್ಗು, ಜಾಗ ಇಕ್ಕಟ್ಟು, ಎದುರಿಗೆ ಓಡಾಡುವ ಜನ. ಆಕೆ ಚೆಂಡನ್ನು ಮೊಣಕಾಲಿಗಿಂತ ಮೇಲೆ ಏಳಗೊಡದೆ, ಯಾರ ಕಾಲಿಗೂ ತಾಗಿಸದೆ ಆಡಿಸುತ್ತಿದ್ದಳು. ನಾನು ಸಂತೆಗೆ ಹೋಗುವಾಗ ನೋಡಿದ್ದೇನೆ. ನೋಡಿ, ನಡೆದುಹೋಗಿದ್ದೇನೆ.

ನೀವು ಪಾಯಿಂಟ್ ಗಾರ್ಡ್ ಅನ್ನುವ ಆಟಗಾರ್ತಿಗೆ ನಮ್ಮಲ್ಲಿ ಕೊಡುಗೈ ಅನ್ನುತ್ತಾರೆ. ಆಕೆಯನ್ನು ಮಾಸ್ತರರು ಆರಿಸುವುದಿಲ್ಲ. ಉಳಿದ ನಾಲ್ವರು ಆಟಗಾರ್ತಿಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಚಾಚಿ ನಿಲ್ಲುತ್ತಾರೆ. ಸ್ಪರ್ಧೆಗೆ ಬಂದವರು ಒಬ್ಬೊಬ್ಬರಾಗಿ, ಬಾಯಿಬಿಡದೆ, ಅವರಿಗೆ ಚೆಂಡು ಎಸೆಯುತ್ತಾರೆ. ಕಾಣದವರ ಅಂಗೈಗೆ ಚೆಂಡು ತಾನಾಗಿ ಬಂದು ಕೂರಬೇಕು. ಯಾವ ಸರದಿಯ ಚೆಂಡು ಹಾಗೆ ಬಂತೆಂದು ನಾಲ್ವರೂ ಹೇಳುತ್ತಾರೆ. ಇದೇ ಕೈಕೇಳಿಕೆ. ಕೇಳುವುದು ಒಂದೇ ಸಲ. ಇನ್ನೊಮ್ಮೆ ಕೇಳಿದ್ದು ಗೊತ್ತಾದರೆ ಆ ತಂಡದ ಆ ವರ್ಷದ ಆಟವೆಲ್ಲ ರದ್ದು, ಕೊಡುಗೈಯಾದವಳು ಮುಂದೆ ಯಾವ ತಂಡದಲ್ಲೂ ಆಡುವಂತಿಲ್ಲ. ಬೇಕಾದವರ ಮಗಳು ಬರುವ ತನಕ ಕೇಳುತ್ತ ಹೋಗುವ ಊರುಗಳಿದ್ದವು, ಅದಕ್ಕೆ ಈ ನಿಯಮ. ನಮ್ಮ ಕಾಲದ ಅತಿ ನ್ಯಾಯವಾದ ಪದ್ಧತಿ ಇದೆಂದು ಮಕ್ಕಳಿಗೆ ಪಾಠದಲ್ಲಿ ಹೇಳಿಕೊಡುತ್ತೇವೆ.

ಈ ವರ್ಷ ಬಟ್ಟೆ ಕಟ್ಟಿಕೊಂಡ ನಾಲ್ವರಲ್ಲಿ ನನ್ನ ಮಗಳು ನೀಲಗಂಗೆಯೂ ಒಬ್ಬಳು. ನಾಲ್ವರೂ ಒಂದೇ ಉಸಿರಿಗೆ "ಮೂರನೇದು" ಅಂದರು. ಬಟ್ಟೆ ಬಿಚ್ಚಿದರು. ಮೂರನೆಯವಳು ಹುಲಿಗೆಮ್ಮ.

ಊರೆಲ್ಲ ಗ್ಯಾಲರಿಯಲ್ಲಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಬಟ್ಟಿ ಸಡ್ಲ ಇತ್ತಲೇ, ಬರೋಬರಿ ಕಟ್ಟ್ರಿ!" ಅದು ಸರಿಯಾದ ಕಾರಣವೆಂದೇ ನಮಗೆಲ್ಲ ತೋರಿತು. ನನಗೂ ತೋರಿತು. ಬಟ್ಟೆ ಬಿಗಿದು, ಸರದಿ ಬದಲಿಸಿ, ಮತ್ತೆ ಕೇಳಿದರು. ನಾಲ್ವರೂ "ಐದನೇದು" ಅಂದರು. ಅದೂ ಆಕೆಯೇ. ಈಗ ಹಿರಿಯರೊಬ್ಬರು ಎದ್ದು ನಿಂತು ಬಹಳ ಮೃದುವಾಗಿ ಹೇಳಿದರು: "ಆಕಿ ಕೈ ಒರಟು ಐತಿ. ಚೆಂಡಿನ ತಿರುಗಣಿಯಾಗ ಗುರ್ತ ಸಿಗತೈತಿ. ಎಲ್ಲಾರಿಗೂ ಕೈಗವಸು ಹಾಕಸ್ರಿ ಮಾಸ್ತರ, ನ್ಯಾಯ ಆಗ್ಲಿ."

ತಂಡದ ಗುರು ಮೆಹಬೂಬ್ ಮಾಸ್ತರರು ತಲೆ ತಗ್ಗಿಸಿಕೊಂಡು ಕೈಗವಸು ತರಿಸಿದರು. ಹುಲಿಗೆಮ್ಮ ಅದನ್ನು ಹಾಕಿಕೊಳ್ಳುತ್ತ, "ಇದೂ ಸಾಲದಿದ್ರ ಕಾಲಿಂದ ಒದ್ದು ಕೊಡ್ಲೇನ್ರಿ ಮಾಸ್ತರ?" ಅಂದಳು. ಕೆಲವರು ನಕ್ಕರು. ಮೂರನೇ ಸಲವೂ ಆಕೆಯ ಕೈಯೇ ಬಂತು. ಇನ್ನೂ ಯಾರೋ ಬಾಯಿ ತೆರೆಯುವಷ್ಟರಲ್ಲಿ ನನ್ನ ಮಗಳು ಕಣ್ಣಬಟ್ಟೆ ಕಿತ್ತು ನೆಲಕ್ಕೆಸೆದಳು. "ಇನ್ನೊಮ್ಮಿ ಕಟ್ಟಾಕ ಬಂದ್ರ ನಾ ಮನಿಗೆ ಹೊಂಟೆ. ಆಡ್ರಿ ನೀವ ನೀವ!" ಹಾಗೆ ಹುಲಿಗೆಮ್ಮ ನಮ್ಮ ಕೊಡುಗೈಯಾದಳು.

ಆಮೇಲಿನದನ್ನು ಹೇಳಲು ಸುಲಭ. ನಾವು ಗೆಲ್ಲುತ್ತ ಹೋದೆವು. ಆಕೆ ಚೆಂಡು ಹಾಕುತ್ತಿದ್ದದ್ದು ಖಾಲಿ ಜಾಗಕ್ಕೆ. ಅಷ್ಟರಲ್ಲಿ ಅಲ್ಲಿ ನಮ್ಮ ಹುಡುಗಿಯೊಬ್ಬಳು ತಲುಪಿರುತ್ತಿದ್ದಳು. ಹುಲಿಗೆಮ್ಮ ಎದುರಾಳಿಯ ಎತ್ತರದ ಹುಡುಗಿಯರ ಮೊಣಕೈಗಳ ಕೆಳಗೆ, ಅದೇ ತಗ್ಗು ಚಾವಣಿ ಇನ್ನೂ ತಲೆಯ ಮೇಲಿರುವ ಹಾಗೆ ಬಾಗಿ ನುಸುಳುತ್ತಿದ್ದಳು. ನಮ್ಮ ಓಣಿಯ ಮಕ್ಕಳು ಆಕೆಯ ಹಾಗಾಗಬೇಕೆಂದು ತಂಪುಕಟ್ಟೆಯ ಬಳಿ ಹೋಗಿ ಚೆಂಡು ಬಡಿಯತೊಡಗಿದರು. ಅವರು ಆಟಕ್ಕೆ ಅಲ್ಲಿದ್ದರು. ಆಕೆ ಅವರ ಪಕ್ಕದಲ್ಲೇ ತನ್ನ ಅರ್ಧ ಗಂಟೆ ಕೂತಿರುತ್ತಿದ್ದಳು. ಫೈನಲ್‌ನ ದಿನವೂ ಕೂತಳು. ಎದ್ದು ಬಾ ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಫೈನಲ್ ಶುರುವಾಗುವ ಮುನ್ನ ಎದುರು ತಂಡದ ನಾಯಕಿ ನಮ್ಮ ಕೊಡುಗೈಯನ್ನು ಅಂಗಳದ ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಕೇಳುವುದುಂಟು. ನಿಮ್ಮ ಕಾಲದ ಟಾಸಿನ ಹಾಗೆ, ಬರೀ ಶಾಸ್ತ್ರ. ಕೃಷ್ಣೆಯ ಆಚೆ ದಡದಿಂದ ಬಂದಿದ್ದ ಆ ಹುಡುಗಿ ಎಲ್ಲರಿಗೂ ಕೇಳುವಂತೆ ಕೇಳಿದಳು: "ಏನವಾ, ನಿನ್ನ ಕೈ ಎಷ್ಟು ಸಲ ಕೇಳ್ಯಾರ?"

ನಮ್ಮ ಊರಿಗೆ ಊರೇ ಅಲ್ಲಿ ಕೂತಿತ್ತು. ಎಲ್ಲರಿಗೂ ಉತ್ತರ ಗೊತ್ತಿತ್ತು. ಹುಲಿಗೆಮ್ಮ ಒಮ್ಮೆ ಗ್ಯಾಲರಿಯ ಕಡೆ ನೋಡಿದಳು. ನಾನು ಮಡಿಲಲ್ಲಿದ್ದ ಕೈಚೀಟಿಯನ್ನು ಓದತೊಡಗಿದೆ. ಅದರಲ್ಲಿ ಆಟಗಾರ್ತಿಯರ ಹೆಸರಲ್ಲದೆ ಮತ್ತೇನೂ ಇರಲಿಲ್ಲ.

"ಒಂದ ಸಲ," ಅಂದಳು.

"ಅಷ್ಟು ಚಲೋ ಆಡ್ತಿ ಏನು?"

"ಆಡಿ ನೋಡಬೇ."

ಆ ದಿನ ಆಕೆಯ ಕೈಯಿಂದ ಒಂದು ಚೆಂಡೂ ತಪ್ಪಿಹೋಗಲಿಲ್ಲ. ಕೊನೆಯ ಬುಟ್ಟಿಗೆ ಚೆಂಡು ಹಾಕಿದವಳು ನನ್ನ ಮಗಳು. ಆ ಚೆಂಡು ತನಗೆ ಹೇಗೆ ಬಂತೆಂದು ಅವಳಿಗೇ ಗೊತ್ತಿಲ್ಲವಂತೆ. ಗೆದ್ದೆವು. ಗ್ಯಾಲರಿ ಕೂಗಲು ತಡಮಾಡಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಕೂಗಿದೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೀಲಗಂಗೆ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದಳಂತೆ. ಹುಲಿಗೆಮ್ಮ ಬೂಟಿನ ಲೇಸು ಬಿಚ್ಚುತ್ತ ಹೇಳಿದ್ದನ್ನು ಮಗಳು ಮನೆಗೆ ಬಂದು ನನಗೆ ಹೇಳಿದಳು: "ಖರೇ ಹೇಳಿದ್ರ ನಿಮ್ಮೂರಿನ ಮರ್ಯಾದಿ ಹೋಗ್ತಿತ್ತು, ನನ್ನ ಆಟ ಹೋಗ್ತಿತ್ತು. ನಿಮ್ಮ ಮರ್ಯಾದಿ ತಗೊಂಡು ನಾ ಏನ್ ಮಾಡ್ಲಿ ಯಕ್ಕಾ? ನನಗ ಆಟ ಬೇಕಾಗಿತ್ತು."

ನಿಮ್ಮೂರು ಅಂದಳಂತೆ. ಮಗಳು ಅದನ್ನು ಹೇಳಿ ಊಟ ಮಾಡದೆ ಎದ್ದುಹೋದಳು.

ಹುಲಿಗೆಮ್ಮನಿಗೆ ಈಗ ನಾಡತಂಡದಿಂದ ಕರೆ ಬಂದಿದೆ. ಮುಂದಿನ ತಿಂಗಳು ಹೋಗುತ್ತಾಳೆ. ಈ ನಡುವೆ ಊರಿನ ಹಿರಿಯರು ಕಾಲೇಜಿನ ಬಾಗಿಲಲ್ಲಿ ಕಲ್ಲು ನಿಲ್ಲಿಸಿದ್ದಾರೆ: 'ಕೆಳಹಟ್ಟಿ, ಒಂದೇ ಕೇಳಿಕೆಯ ಊರು'. ಅದರ ಕೆಳಗೆ ಆಕೆಯ ಹೆಸರಿದೆ. ಮೆಹಬೂಬ್ ಮಾಸ್ತರರಿಗೆ ತಡೆಯಲಾಗಲಿಲ್ಲ. ಮೊನ್ನೆ ನಮ್ಮ ಮನೆಗೆ ಬಂದು, ಪಂದ್ಯ ನಡೆಸುವ ಕೂಟದವರ ಮುಂದೆ ನಿಜ ಹೇಳಿಬಿಡುತ್ತೇನೆ, ಅನ್ನ ಸೇರುತ್ತಿಲ್ಲ ಎಂದರು. ನನಗೂ ಹಗುರವೆನಿಸಿತು, ಹೂಂ ಅನ್ನಬೇಕೆಂದಿದ್ದೆ. ನೀಲಗಂಗೆ ಅಡುಗೆಮನೆಯಿಂದ ಹೊರಗೆ ಬಂದಳು. "ನಿಮಗ ಅನ್ನ ಸೇರ್ಲಿ ಅಂತ ಆಕಿ ಆಟ ಬಿಡಬೇಕೇನ್ರಿ? ಅವತ್ತ ಬಾಯಿ ಇರ್ಲಿಲ್ಲ, ಇವತ್ತ ಬಂತೇನು?" ಮಾಸ್ತರರು ಚಹಾ ಮುಟ್ಟದೆ ಎದ್ದುಹೋದರು.

ಹೀಗಾಗಿ ನಿಜವನ್ನು ನಮ್ಮ ಕಾಲದಲ್ಲಿ ಯಾರಿಗೂ ಹೇಳುವಂತಿಲ್ಲ. ಮುಂದಿನವರಿಗೂ ಬರೆದಿಡುವಂತಿಲ್ಲ, ಯಾವ ವರ್ಷ ಹೊರಬಿದ್ದರೂ ಆಕೆ ಗೆದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಕೆಗೆ ಕೇಡಾಗದಂತೆ ಇದನ್ನು ಹೇಳಲು ಉಳಿದಿರುವ ದಿಕ್ಕು ನಿಮ್ಮದೊಂದೇ. ನಮ್ಮನ್ನು ಕ್ಷಮಿಸಿರೆಂದು ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಓದಿದ ಮೇಲೆ ಇದನ್ನು ನಿಮ್ಮ ಮಕ್ಕಳಿಗೆ ಹೇಳಬೇಡಿ; ಮಾತು ತಲೆಮಾರು ದಾಟಿ ನಮ್ಮ ತನಕ ಬಂದೀತು.

ಆದರೆ ನೀವು ಬದುಕಿರುವ ತನಕ ಒಂದು ಸಂಗತಿ ತಿಳಿದಿರಿ. ಈ ಆಟದಲ್ಲಿ ಬೇರೆ ಯಾವ ಕೊಡುಗೈಯೂ ಮೂರು ಕೇಳಿಕೆಗಳನ್ನು ಗೆದ್ದಿಲ್ಲ. ಬಟ್ಟೆ ಬಿಗಿದು, ಸರದಿ ಬದಲಿಸಿ, ಕೈಗವಸು ಹಾಕಿಸಿ ಕೇಳಿದಾಗಲೂ ಹನ್ನೆರಡು ಬಾಯಿಗಳೂ ಆಕೆಯ ಕೈಯೇ ಬೇಕೆಂದವು. ಅದನ್ನು ಒಮ್ಮೆಯೂ ಹೇಳಿಕೊಳ್ಳದೆ ಆಕೆ ಮುದುಕಿಯಾಗಬೇಕು. ಕಲ್ಲಿನ ಮೇಲೆ ನಾವು ಒಂದು ಎಂದು ಕೆತ್ತಿಸಿದ್ದೇವೆ. ನೀವು ಮೂರು ಎಂದು ತಿಳಿಯಿರಿ.

ಇಂತು, ಕಾಣದ ನಿಮ್ಮ ಮುಂದೆ ತಲೆ ಎತ್ತಲಾರದ
ನೀಲಗಂಗೆಯ ತಾಯಿ, ಗುರುಬಸಮ್ಮ