ಫ್ಯಾನ್ ಆರಿಸಿದ್ದಕ್ಕೆ ಧನ್ಯವಾದ

ಜೂನ್ 3, ಮಂಗಳವಾರ, ಸಂಜೆ

ಮತ್ತೆ ಶೂ ಕಚ್ಚಿದೆ. ಅಕ್ಕನದು, ಒಂದು ಸೈಜು ಚಿಕ್ಕದು. ಐದನೆಯ ಇಂಟರ್‌ವ್ಯೂ. ಪುಸ್ತಕ ಪ್ರಕಾಶನದ ಆಫೀಸು. ಓದುಗರಿಗೆ, ಲೇಖಕರಿಗೆ ಪತ್ರ ಬರೆಯುವ ಕೆಲಸ. ನಿಜಕ್ಕೂ ಬೇಕೆನಿಸಿದ್ದು ಇದೊಂದೇ. ಖಾಲಿ ಇರುವುದೂ ಒಂದೇ ಜಾಗ.

ಒಳಗೆ ಫ್ಯಾನಿನ ಸದ್ದಿಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದ ಮೇಡಂ ಎದ್ದು ಫ್ಯಾನ್ ಆರಿಸಿದರು. ಅವರ ಹಣೆಯೆಲ್ಲ ಬೆವರು. ಆದರೂ ಮತ್ತೆ ಹಾಕಲಿಲ್ಲ.

ಅದಕ್ಕೆ ಮುಂಚೆ, ಹೊರಗೆ ಕಾಯುವಾಗ, ನನ್ನ ಸರ್ಟಿಫಿಕೇಟು ಚೆಲ್ಲಾಪಿಲ್ಲಿ. ಪಕ್ಕದ ಹುಡುಗಿ ಹೆಕ್ಕಿಕೊಟ್ಟು, ತನ್ನ ಫೈಲಿನ ಕ್ಲಿಪ್ಪನ್ನೇ ಕಿತ್ತು ಕೊಟ್ಟಳು. ಅದೇ ಕೆಲಸಕ್ಕೆ ಬಂದವಳು! ನನ್ನ ನಂಬರ್ ತೆಗೆದುಕೊಂಡು ತನ್ನದನ್ನೂ ಕೊಟ್ಟಳು. ಹೆಸರು ಕೇಳಲು ಸಂಕೋಚ. 'ಕ್ಲಿಪ್' ಎಂದು ಸೇವ್ ಮಾಡಿಕೊಂಡೆ.

ಜೂನ್ 4, ಬೆಳಿಗ್ಗೆ

ಅಕ್ಕನ ಉಪದೇಶ. "ಇಪ್ಪತ್ನಾಲ್ಕು ಗಂಟೆ ಒಳಗೆ ಥ್ಯಾಂಕ್ಸ್ ಮೇಲ್ ಹಾಕ್ಬೇಕು ಕಣೇ."

"ಕೆಲಸ ಕೊಡೋಕೆ ಮುಂಚೆ ಯಾತಕ್ಕೆ ಥ್ಯಾಂಕ್ಸು?"

"ಕೂರಿಸಿ ಮಾತಾಡಿಸಿದ್ರಲ್ಲ, ಅದಕ್ಕೆ."

ಮೂರು ಸಲ ಬರೆದೆ. ಒಂದು ಸನ್ಮಾನ ಪತ್ರ. ಒಂದು ರಜಾ ಅರ್ಜಿ. ಮೂರನೆಯದನ್ನು ಓದಿ ಹೇಳಿದರೆ, "ಯಾರು ಹೋಗ್ಬಿಟ್ರು?" ಅಂದಳು.

ಮಧ್ಯಾಹ್ನ 12

ಕ್ಲಿಪ್ ಫೋನು. "ನೀವು ಲಿಟರೇಚರ್ ಅಲ್ವಾ? ಒಂದು ಥ್ಯಾಂಕ್ಸ್ ಲೆಟರ್ ಬರ್ಕೊಡ್ರೀ. ನಂಗೆ ಎರಡನೇ ಸಾಲಿಗೇ ಉಸಿರು ಕಟ್ಟುತ್ತೆ."

ಒಳಗೆ ಏನು ನೋಡಿದಿರಿ ಎಂದೆ.

"ನನ್ನ ಕಾಲ್ಬೆರಳು."

"ಫ್ಯಾನು?"

"ಹ್ಞೂಂ, ನಾನು ಬಾಯಿ ತೆಗೆದ ತಕ್ಷಣ ಆರಿಸಿದ್ರು. ಕರೆಂಟ್ ಉಳಿಸೋಕೇನೋ ಅನ್ಕೊಂಡೆ."

ಹತ್ತೇ ನಿಮಿಷದಲ್ಲಿ ಬರೆದುಕೊಟ್ಟೆ. 'ನನ್ನ ಸಣ್ಣ ದನಿ ಕೇಳಲೆಂದು ತಾವು ಸೆಕೆ ತಡೆದುಕೊಂಡಿರಿ. ಕೆಲಸ ಸಿಗಲಿ ಬಿಡಲಿ, ಇದು ನೆನಪಿರುತ್ತದೆ…'

ಸಂಜೆ 4

ನನ್ನ ಪತ್ರಕ್ಕೆ ಫ್ಯಾನ್ ಉಳಿದಿಲ್ಲ. ಇಬ್ಬರೂ ಅದನ್ನೇ ಬರೆದರೆ ಕಾಪಿ ಹೊಡೆದಂತೆ. 'ಅವಕಾಶಕ್ಕಾಗಿ ಧನ್ಯವಾದಗಳು' ಎಂದು ಕಳಿಸಿದೆ. ಅಷ್ಟೇ.

ಅಕ್ಕ: "ಊರಿಗೆ ಉಪಕಾರಿ, ಮನೆಗೆ ಮಾರಿ."

ಕ್ಲಿಪ್ ಕೊಟ್ಟವಳಿಗೆ ಇಲ್ಲ ಅನ್ನುವುದು ಹೇಗೆ? ಅಥವಾ… ಚೆನ್ನಾಗಿ ಬರೀತೀರ ಅನ್ನಿಸಿಕೊಳ್ಳುವ ಆಸೆಯೇ?

ಜೂನ್ 11

ಉತ್ತರವಿಲ್ಲ. "ವಾರ ಆಯ್ತು, ಇನ್ನೊಂದು ಮೇಲ್ ಹಾಕಿ ಕೇಳು" ಅನ್ನುತ್ತಾಳೆ ಅಕ್ಕ. ಕೇಳಿದರೆ ಪೀಡಿಸಿದಂತೆ. ಕೇಳದಿದ್ದರೆ ಬೇಡವಾದಂತೆ. ನಾಳೆ ಕೇಳುತ್ತೇನೆ.

ಜೂನ್ 16, ಬೆಳಿಗ್ಗೆ 11

ಕೇಳಲಿಲ್ಲ. ಕ್ಲಿಪ್ ಫೋನು ಬಂತು. ಕೆಲಸ ಅವಳಿಗೆ. ಇವತ್ತು ಮೊದಲ ದಿನ.

"ಮೇಡಂ ಆ ಫ್ಯಾನಿನ ಮಾತು ಎರಡು ಸಲ ಹೇಳಿದ್ರು ರೀ! ಇಷ್ಟು ಗಮನಿಸೋರೇ ಬೇಕಿತ್ತು ಅಂದ್ರು."

ಕಂಗ್ರಾಟ್ಸ್ ಅಂದೆ. ಆಮೇಲೆ ಅವಳು ಮೆತ್ತಗೆ, "ಒಂದು ಹೆಲ್ಪು… ಸೆಲೆಕ್ಟ್ ಆಗದವರಿಗೆ ಲೆಟರ್ ಹಾಕ್ಬೇಕಂತೆ. ನೋವಾಗದ ಹಾಗೆ. ಹನ್ನೆರಡಕ್ಕೆ ಬೇಕಂತೆ."

"ಎಷ್ಟು ಜನಕ್ಕೆ?"

"ಏಳು…" ತಡೆದಳು. "ಅಯ್ಯೋ. ನೀವೂ ಇದ್ದೀರಲ್ರೀ."

ಇಬ್ಬರೂ ಫೋನ್ ಇಡಲಿಲ್ಲ. ನಾನು ಏನೋ ಅಂದೆ. ಅವಳಿಗೆ ಕೇಳಿಸಲಿಲ್ಲ. ಆ ಕಡೆ ಫ್ಯಾನಿನ ಸದ್ದು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

"ಈಗ ಹೇಳಿ" ಅಂದಳು.

11.30

ಸಿಟ್ಟು ಬರಬೇಕು. ಬಂದಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಅವಳ ಕ್ಲಿಪ್ ಮೇಜಿನ ಮೇಲೇ ಇದೆ. ಪತ್ರ ಮಾತ್ರ ತಾನಾಗಿ ಬರುತ್ತಿದೆ — 'ತಾವು ಬಂದ ದಿನ ಬಹಳ ಸೆಕೆಯಿತ್ತು. ಶೂ ಕಚ್ಚುತ್ತಿದ್ದರೂ ನಗುತ್ತಲೇ ಒಳಗೆ ಬಂದಿರಿ. ನಾವು ಗಮನಿಸಿದೆವು. ಆದರೆ ಈ ಸಲ ತಮ್ಮನ್ನು…'